ಮನೆಯೊಳಗಣ ಲವಣಸಮುದ್ರ

ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಕ್ರಮವನ್ನು ಕುರಿತು ಹಿಂದೊಮ್ಮೆ ನಾವು ಇದೇ ಪುಟಗಳಲ್ಲಿ ಬರೆದಿದ್ದುದು ವಾಚಕರ ನೆನಪಿನಲ್ಲಿರಬಹುದು. ಅಂದಿನಿಂದ ಕೆಲವರು ಗೃಹಸ್ಥರು, ಅವರಿಗಿಂತಲೂ ಹೆಚ್ಚಾಗಿ ಅವರ ಮಕ್ಕಳು, ಕಡಲಿನ ಮೀನುಗಳನ್ನೂ ಹಾಗೆಯೇ ಸಾಕಬಹುದೆ, ಹವಳದ ದಿಬ್ಬದ ಒಂದು ಚಿಕ್ಕ ಪ್ರತಿಕೃತಿಯನ್ನು ನಡುಮನೆಯಲ್ಲಿ ಇರಿಸಿಕೊಳ್ಳಬಹುದೆ ಎಂದು ಕಾಗದ ಬರೆದು ಕೇಳುತ್ತಲೇ ಇದ್ದಾರೆ. ಇದುವರೆಗೆ ನಾವು ಉತ್ತರ ಕೊಡದೆ ಇದ್ದುದಕ್ಕೆ ಲಜ್ಜೆಯೇ ಕಾರಣ. ಈ ವಿಷಯದಲ್ಲಿ ನಾವು ಮಾಡಿದ ಮೊದಲನೆಯ ಪ್ರಯತ್ನವು ಎರಡು ಜೀವಗಳನ್ನು ಬಲಿ ತೆಗೆದುಕೊಂಡಿತು. ಈಗ ಎರಡನೆಯ ತೊಟ್ಟಿಯು ಒಂದು ಸಂವತ್ಸರವನ್ನು ನಿರ್ವಿಘ್ನವಾಗಿ ಪೂರೈಸಿರುವುದರಿಂದ ಲೇಖನಿಯನ್ನು ಹಿಡಿಯುವಷ್ಟು ಧೈರ್ಯ ಬಂದಿದೆ.

ನಡೆದುದನ್ನು ಮರೆಮಾಚದೆ ಹೇಳಿಬಿಡುತ್ತೇವೆ. ನಮ್ಮ ಮೊಮ್ಮಗಳ ಎಂಟನೆಯ ವರ್ಧಂತಿಗೆ ಏನು ಬೇಕೆಂದು ಕೇಳಿದಾಗ ಆ ಹುಡುಗಿಯು, ಕಿತ್ತಳೆಯ ಬಣ್ಣದ ಮೈಮೇಲೆ ಮೂರು ಬಿಳಿಯ ಪಟ್ಟೆಗಳಿರುವ, ಇಂಗ್ಲಿಷಿನವರು ‘ಕ್ಲೌನ್ ಫಿಶ್’ ಎನ್ನುವ ಕೋಡಂಗಿಮೀನನ್ನು ಬೇಡಿದಳು. ನಾವು ಉಡುಪಿಯ ಸೀಮೆಯವರು. ಮಲ್ಪೆಯ ಕಡಲು ನಮ್ಮ ಮನೆಗೆ ಐದಾರು ಮೈಲಿಯೊಳಗೇ ಇದೆ. ಕಡಲಿನ ಮೀನನ್ನು ಸಾಕುವುದು ನಮಗೇನು ಮಹಾಕಾರ್ಯವೆಂಬ ಅಹಂಕಾರವೂ ಇತ್ತು. ಪಟ್ಟಣದ ಅಂಗಡಿಯೊಂದರಲ್ಲಿ ತೊಟ್ಟಿ, ಮರಳು, ಉಪ್ಪು, ಪಂಪು ಎಲ್ಲವನ್ನೂ ಕೊಂಡೆವು. ಉಪ್ಪು ಕರಗಿ ನೀರು ತಿಳಿಯಾದರೆ ಸಾಕು, ಮರುದಿನವೇ ಮೀನು ಬಿಡಬಹುದೆಂದು ಅಂಗಡಿಯಾತನು ಹೇಳಿದನು. ಮೂವತ್ತು ವರ್ಷಗಳ ಕಾಲ, ಕೇಳಿದ್ದನ್ನು ಪರೀಕ್ಷಿಸಿಯೇ ನಂಬಬೇಕೆಂದು ಹುಡುಗರಿಗೆ ಬೋಧಿಸಿದ ನಾವು, ಅವನನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದೆವು. ಮೀನುಗಳು ಬಂದವು. ಒಂದಕ್ಕೆ ಕೇಸರಿ, ಮತ್ತೊಂದಕ್ಕೆ ಕಿತ್ತಳೆ ಎಂದು ನಾಮಕರಣವೂ ಆಯಿತು. ಹುಡುಗಿಯು ದಿನಕ್ಕೆ ನಾಲ್ಕು ಹೊತ್ತು ಅನ್ನಸಂತರ್ಪಣೆ ನಡೆಸಿದಳು.

ಐದನೆಯ ದಿವಸ ಅವು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ತೆರೆದು ಉಸಿರಿಗಾಗಿ ತವಕಿಸತೊಡಗಿದವು. ಏಳನೆಯ ದಿವಸದ ಬೆಳಗ್ಗೆ ಎರಡೂ ಮರಳಿನ ಮೇಲೆ ಒರಗಿದ್ದವು. ನೀರು ಮಾತ್ರ ಸ್ಫಟಿಕದ ಹಾಗೆ ಇತ್ತು. ‘ಅಜ್ಜಾ, ನೀರು ಇಷ್ಟು ಚೊಕ್ಕ ಉಂಟಲ್ಲ, ಮತ್ತೆ ಯಾಕೆ ಸತ್ತವು?’ ಎಂದು ಅವಳು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಅವಳು ತೊಟ್ಟಿಗೆ ಬೆನ್ನು ಮಾಡಿ ಕುಳಿತು ಊಟಮಾಡಿದಳು. ಮುಂದೆಯೂ ಬಹುದಿನಗಳವರೆಗೆ ಅದೇ ಕ್ರಮವಾಯಿತು. ಲೆಕ್ಕದಲ್ಲಿ ಸಂದೇಹ ಬಂದರೆ ನಮ್ಮ ಬಳಿಗೆ ಬರುತ್ತಿದ್ದವಳು ತನ್ನ ತಂದೆಯ ಬಳಿಗೆ ಹೋಗತೊಡಗಿದಳು. ಇದು ನಮಗೆ ಮೀನುಗಳ ಸಾವಿಗಿಂತಲೂ ಹೆಚ್ಚಾಗಿ ನಾಟಿತು.

ಅವಳ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎರಡು ತಿಂಗಳು ಹಿಡಿಯಿತು. ಅದರ ಸಾರವಿಷ್ಟು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರವು ಕೊಳೆತು ಇನ್ನಷ್ಟು ಅಮೋನಿಯವಾಗುತ್ತದೆ. ನೀರಿನಲ್ಲಿ ಕರಗಿದ ಈ ವಿಷಕ್ಕೆ ಬಣ್ಣವಿಲ್ಲ. ಅಲ್ಪಪ್ರಮಾಣದಲ್ಲಿ ಮೂಗಿಗೂ ತಿಳಿಯದು. ಸಮುದ್ರದ ವಿಸ್ತಾರದಲ್ಲಿ ಅದು ಇಲ್ಲವಾಗಿ ಹೋಗುತ್ತದೆ. ತೊಟ್ಟಿಯಲ್ಲಿ ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತದೆ. ಅದೂ ಅಲ್ಲದೆ ಕಡಲಿನ ನೀರು ಕ್ಷಾರಗುಣವುಳ್ಳದ್ದು, ಪಿ.ಎಚ್. ಎಂಬ ಮಾನದಲ್ಲಿ ಸುಮಾರು 8.1. ಅಮೋನಿಯದ ಯಾವ ರೂಪವು ಮೀನಿನ ದೇಹದೊಳಕ್ಕೆ ಸುಲಭವಾಗಿ ನುಗ್ಗುವುದೋ ಆ ರೂಪದ ಪಾಲು ಕ್ಷಾರವು ಹೆಚ್ಚಿದಂತೆಲ್ಲ ಹೆಚ್ಚುತ್ತದೆ. ಆದಕಾರಣ ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ದಾಟಿಹೋಗುವ ತಪ್ಪು ಉಪ್ಪುನೀರಿನಲ್ಲಿ ಪ್ರಾಣಹಾರಿಯಾಗುತ್ತದೆ.

ಪ್ರಕೃತಿಯಲ್ಲಿ ಈ ವಿಷವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳುಂಟು. ಒಂದು ವರ್ಗವು ಅಮೋನಿಯವನ್ನು ನೈಟ್ರೈಟು ಎಂಬ ಪದಾರ್ಥವನ್ನಾಗಿ ಮಾಡುತ್ತದೆ. ಮತ್ತೊಂದು ವರ್ಗವು ಆ ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುತ್ತದೆ. ಈ ಕಡೆಯದು ಮೀನುಗಳಿಗೆ ಬಹಳ ಕಡಿಮೆ ಅಪಾಯದ್ದು. ರಷ್ಯಾ ದೇಶದ ಸರ್ಗೇ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಯು 1890ರ ಸುಮಾರಿನಲ್ಲಿ ಈ ಬಗೆಯ ಜೀವಿಗಳನ್ನು ಮಣ್ಣಿನಿಂದ ಪ್ರತ್ಯೇಕಿಸಿ ಲೋಕಕ್ಕೆ ತೋರಿಸಿದನು. ಇವೆಲ್ಲವೂ ಬಾಕ್ಟೀರಿಯಗಳೇ ಎಂಬ ಭಾವನೆ ಬಹುಕಾಲವಿತ್ತು. ಆದರೆ 2005ರಲ್ಲಿ, ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಕಡಲತೊಟ್ಟಿಯೊಂದರ ಜಲ್ಲಿಯಿಂದ, ಬಾಕ್ಟೀರಿಯಕ್ಕಿಂತ ಭಿನ್ನವಾದ ‘ಆರ್ಕಿಯ’ ಎಂಬ ವರ್ಗಕ್ಕೆ ಸೇರಿದ ಅಮೋನಿಯಭಕ್ಷಕವೊಂದನ್ನು ಪ್ರತ್ಯೇಕಿಸಿದ ಸಂಗತಿ ಪ್ರಕಟವಾಯಿತು. ಅದರ ಬಂಧುಗಳು ಮಹಾಸಾಗರಗಳಲ್ಲೆಲ್ಲ ಅಸಂಖ್ಯಾತವಾಗಿ ತುಂಬಿಕೊಂಡಿವೆಯಂತೆ. ಸಮುದ್ರದ ಒಂದು ದೊಡ್ಡ ಗುಟ್ಟು ಮೀನುತೊಟ್ಟಿಯ ತಳದಲ್ಲಿ ಸಿಕ್ಕಿತೆಂಬುದನ್ನು ಓದಿದ ಮೇಲೆ ನಮ್ಮ ಬರಿದಾದ ತೊಟ್ಟಿಯ ಮೇಲೆ ನಮಗೆ ಮತ್ತೆ ಗೌರವ ಹುಟ್ಟಿತು.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇಲ್ಲವೆನ್ನುವಷ್ಟು ವಿರಳ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರು ಸಿದ್ಧ. ಹೆಪ್ಪಿನ ಜೀವಿಗಳು ಅಷ್ಟು ಬೇಗ ಬೆಳೆಯುತ್ತವೆ. ಅಮೋನಿಯವನ್ನು ಉಣ್ಣುವವು ಹಾಗಲ್ಲ. ಒಂದು ಎರಡಾಗಬೇಕಾದರೆ ಹಲವು ಗಂಟೆಗಳು, ಎಷ್ಟೋ ವೇಳೆ ಒಂದು ದಿವಸಕ್ಕೂ ಮಿಕ್ಕಿದ ಕಾಲ ಬೇಕು. ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಕಲ್ಲು, ಮರಳು, ಗಾಜು ಇವುಗಳ ಮೇಲ್ಮೈಯನ್ನು ಹಿಡಿದು ವಾಸಿಸುತ್ತವೆ. ಅವು ಸಾಕಷ್ಟು ಸಂಖ್ಯೆಯಲ್ಲಿ ನೆಲೆಸುವವರೆಗೆ ಕಾಯುವುದಕ್ಕೆ ಇಂಗ್ಲಿಷಿನಲ್ಲಿ ‘ಸೈಕ್ಲಿಂಗ್’ ಎಂದು ಹೆಸರು. ನಾವು ಇದಕ್ಕೆ ‘ಚಕ್ರಸಾಧನ’ ಎಂಬ ಪದವನ್ನು ಕಲ್ಪಿಸಿ ಮನೆಯಲ್ಲಿ ಸಾರಿದೆವು. ನಮ್ಮ ಮನೆಯವರು ಒಲೆಯ ಮುಂದಿನಿಂದಲೇ, ‘ನೀರು ಹದಕ್ಕೆ ಬರುವುದು ಅನ್ನಿ, ಸಾಕು’ ಎಂದರು. ಅವರ ಮಾತೇ ಮೇಲು.

ಎರಡನೆಯ ಸಲದ ಸಿದ್ಧತೆಯನ್ನು ಕುರಿತು ಇನ್ನು ಹೇಳುತ್ತೇವೆ. ತೊಟ್ಟಿಯು 60 ಸೆಂಟಿಮೀಟರು ಉದ್ದ, 40 ಅಗಲ, 45 ಎತ್ತರದ್ದು. ಕಲ್ಲು, ಮರಳುಗಳು ಆಕ್ರಮಿಸುವ ಜಾಗವನ್ನು ಕಳೆದರೆ ಸುಮಾರು 90 ಲೀಟರು ನೀರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದಾದರೆ ಸುಲಭವೆಂದು ಕೆಲವರು ತಿಳಿಯುವುದುಂಟು. ವಸ್ತುತಃ ನೀರು ಕಡಿಮೆಯಾದಷ್ಟೂ ಉಷ್ಣವೂ ಉಪ್ಪೂ ವಿಷವೂ ಬೇಗಬೇಗನೆ ಏರಿಳಿಯುವುದರಿಂದ ಆರಂಭಿಸುವವರಿಗೆ ಅದೇ ಕಷ್ಟ. ತುಂಬಿದ ತೊಟ್ಟಿಯು ಇಬ್ಬರು ಆಳುಗಳಷ್ಟು ಭಾರವಾಗುವ ಕಾರಣ ಹಳೆಯ ಪುಸ್ತಕದ ಬೀರುವಿನ ಮೇಲೆ ಇರಿಸತಕ್ಕದ್ದಲ್ಲ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿಯೂ ಕೂಡದು. ವಿದ್ಯುತ್ತಿನ ತಂತಿಗಳನ್ನು ಗೋಡೆಯ ಸ್ವಿಚ್ಚಿಗಿಂತ ಕೆಳಗೆ ಇಳಿಬಿಟ್ಟು ಅನಂತರ ಮೇಲಕ್ಕೆ ಏರಿಸಬೇಕು. ಹಾಗೆ ಮಾಡಿದರೆ ತಂತಿಯ ಮೇಲೆ ಹರಿದ ಉಪ್ಪುನೀರು ಸ್ವಿಚ್ಚಿನೊಳಕ್ಕೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ವಿದ್ಯುತ್ತು ಸೋರಿದೊಡನೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಮನೆಗೆ ಹಾಕಿಸದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಮಕ್ಕಳಿರುವ ಮನೆಯಲ್ಲಿ ಇದು ಮೊದಲನೆಯ ಖರ್ಚು.

ಇಷ್ಟು ಸಮೀಪದಲ್ಲಿ ಸಮುದ್ರವಿರುವಾಗ ಉಪ್ಪನ್ನು ಹಣ ಕೊಟ್ಟು ಏಕೆ ಕೊಳ್ಳಬೇಕೆಂದು ನಮ್ಮ ನೆರೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಡಲಿನ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಮು ಲವಣಗಳಿರುತ್ತವೆ. ಅದರ ವಿಶಿಷ್ಟಗುರುತ್ವ ಸುಮಾರು 1.025. ಆದರೆ ಇದು ನಡುಗಡಲಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಹೊಳೆಗಳೆಲ್ಲ ಕೆಂಪಾಗಿ ಹರಿದು ಕಡಲಿಗೆ ಸೇರುವಾಗ ದಡದ ನೀರಿನ ಉಪ್ಪು ಬಹಳ ಇಳಿಯುತ್ತದೆ. ಒಂದು ಶ್ರಾವಣದಲ್ಲಿ ನಾವು ಅಳೆದಾಗ 1.015 ಮಾತ್ರವಿತ್ತು. ಬಂದರಿನ ಸುತ್ತಲಿನ ನೀರಿನಲ್ಲಿ ದೋಣಿಗಳ ಎಣ್ಣೆಯೂ ಊರಿನ ಕೊಳೆಯೂ ಸೇರಿರುತ್ತವೆ. ಆದ್ದರಿಂದ ಮತ್ಸ್ಯಾಗಾರಗಳಿಗೆಂದೇ ಸಿದ್ಧಪಡಿಸಿದ ಉಪ್ಪು ವಾಸಿ. 90 ಲೀಟರಿಗೆ ಸುಮಾರು ಮೂರೂವರೆ ಕಿಲೋಗ್ರಾಮು ಬೇಕಾಯಿತು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಕಡಲಿನ ನೀರಿನಲ್ಲಿ ಸಾಮಾನ್ಯ ಲವಣದ ಜೊತೆಗೆ ಮೆಗ್ನೀಸಿಯಂ, ಸುಣ್ಣದ ಅಂಶವಾದ ಕ್ಯಾಲ್ಸಿಯಂ, ಪೊಟಾಸಿಯಂ, ಗಂಧಕದ ಲವಣಗಳು ಇವೆಲ್ಲ ಒಂದು ನಿಯತವಾದ ಅನುಪಾತದಲ್ಲಿವೆ. ‘ಚಾಲೆಂಜರ್’ ಎಂಬ ಬ್ರಿಟಿಷ್ ನೌಕೆಯು 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನು ಸುತ್ತಿ ತಂದ 77 ಮಾದರಿಗಳನ್ನು ಪರೀಕ್ಷಿಸಿದ ವಿಲಿಯಂ ಡಿಟ್ಮಾರ್ ಎಂಬ ರಸಾಯನಜ್ಞನು, ಉಪ್ಪಿನ ಒಟ್ಟು ಪ್ರಮಾಣ ಹೆಚ್ಚು ಕಡಿಮೆಯಾದರೂ ಅವುಗಳೊಳಗಿನ ಅನುಪಾತ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ಎಂದು 1884ರಲ್ಲಿ ಪ್ರಕಟಿಸಿದನು. ಪುರಾಣದ ಸಪ್ತಸಮುದ್ರಗಳಲ್ಲಿ ಲವಣಸಮುದ್ರವೊಂದನ್ನು ಮನೆಗೆ ತರುವುದಕ್ಕೆ ಅಂಗಡಿಯ ಡಬ್ಬಿ ಸಾಕಾಗುವುದು ಈ ನಿಯಮದಿಂದಲೇ.

ಉಪ್ಪು ಕರಗಿಸುವ ನೀರಿನ ವಿಚಾರದಲ್ಲಿ ನಾವು ಸ್ವಲ್ಪ ಮುನಿಸಿಕೊಂಡೆವು. ನಮ್ಮ ಬಾವಿಯ ನೀರು ಕುಡಿಯುವವರಿಗೆ ಅಮೃತ. ಆದರೆ ಅದರಲ್ಲಿ ಮುರಕಲ್ಲಿನ ಕಬ್ಬಿಣವೂ ತೋಟದ ಗೊಬ್ಬರದ ಅಂಶವೂ ಇರಬಹುದಾದ್ದರಿಂದ ತೊಟ್ಟಿಗೆ ಕೂಡದು. ನಲ್ಲಿಯ ನೀರಿನಲ್ಲಿ ಕ್ಲೋರೀನು. ಕೊನೆಗೆ ಆರ್.ಒ. ಎಂದು ಕರೆಯುವ ಶೋಧಕಯಂತ್ರದ ನೀರನ್ನೇ ಬಳಸಿದೆವು. ತೊಟ್ಟಿಯಿಂದ ದಿನವೂ ಆವಿಯಾಗಿ ಹೋಗುವ ನೀರಿಗೆ ಬದಲಾಗಿ ಹೊಯ್ಯಬೇಕಾದುದು ಉಪ್ಪಿಲ್ಲದ ಈ ಶುದ್ಧಜಲವನ್ನೇ. ಏಕೆಂದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ. ವಿಜ್ಞಾನದ ಉಪಾಧ್ಯಾಯರಾಗಿದ್ದ ನಮ್ಮ ಮಿತ್ರರೊಬ್ಬರಿಗೆ ಇದನ್ನು ಒಪ್ಪಿಸಲು ಅರ್ಧಗಂಟೆ ಹಿಡಿಯಿತು. ನಮ್ಮ ಮನೆಯವರು, ‘ಸಾರು ಕುದಿದು ಇಂಗಿದರೆ ಬಿಸಿನೀರು ಹೊಯ್ಯುತ್ತೇವೆಯೇ, ಉಪ್ಪು ಹಾಕುತ್ತೇವೆಯೇ?’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಪಟ್ಟಿ ಅಂಟಿಸಿದ್ದೇವೆ. ಬೇಸಗೆಯಲ್ಲಿ ಫ್ಯಾನು ಹಾಕಿದ ದಿನ ಲೀಟರಿನಷ್ಟು ನೀರು ಕಡಿಮೆಯಾಗುತ್ತದೆ.

ತಳಕ್ಕೆ ಸುಣ್ಣದ ಅಂಶವುಳ್ಳ ಬಿಳಿಯ ಮರಳು, ಅದರ ಮೇಲೆ ರಂಧ್ರಗಳಿಂದ ತುಂಬಿದ, ಮಣ್ಣನ್ನು ಸುಟ್ಟು ಮಾಡಿದ ಕೃತಕಶಿಲೆ. ರಂಧ್ರಗಳು ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳಿಗೆ ನೆಲೆ ಹೆಚ್ಚು. ರಂಧ್ರಗಳಿವೆಯೆಂದು ಮುರಕಲ್ಲನ್ನು ಹಾಕಲು ಹೋಗಬೇಡಿರಿ. ಅದರ ತುಂಬ ಕಬ್ಬಿಣ. ಜಕಾರ್ತ ನಗರದ ಲೀ ಚಿನ್ ಎಂಗ್ ಎಂಬಾತನು ಸಮುದ್ರದಿಂದ ಎತ್ತಿದ ಜೀವಂತಶಿಲೆಗಳನ್ನೂ ಗಾಳಿಯ ಗುಳ್ಳೆಗಳನ್ನೂ ಮಾತ್ರ ಬಳಸಿ ಹವಳದ ತೊಟ್ಟಿಗಳನ್ನು ನಡೆಸಿದ ಕ್ರಮವನ್ನು 1961ರಲ್ಲಿ ಪ್ರಕಟಿಸಿದನು. ಶಿಲೆಯೇ ಶೋಧಕವೆಂಬ ತತ್ತ್ವವು ಈಗಲೂ ಚಾಲ್ತಿಯಲ್ಲಿದೆ. ಸಮುದ್ರದಿಂದ ಕಲ್ಲು ಕೀಳುವ ಭಾಗವನ್ನು ಮಾತ್ರ ನಾವು ಅನುಸರಿಸತಕ್ಕದ್ದಲ್ಲ. ಕಾರಣವನ್ನು ಮುಂದೆ ಹೇಳುತ್ತೇವೆ.

ಗಣೇಶನ ಚೌತಿಯ ಮರುದಿನ ಪಂಪು, ಹೀಟರುಗಳನ್ನು ಚಾಲನೆ ಮಾಡಿ ನೀರನ್ನು 26 ಡಿಗ್ರಿಗೆ ನಿಲ್ಲಿಸಿದೆವು. ಮೀನಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವೆಲ್ಲಿಂದ? ಇದಕ್ಕೆ ಉಪಾಯವು ನವಸಾಗರ. ಹಿಂದೆ ಬೀದಿಯಲ್ಲಿ ಕಲಾಯಿಯವನು ಹಿತ್ತಾಳೆಯ ಪಾತ್ರೆಗಳನ್ನು ಕಾಯಿಸಿ, ಹೊಗೆಯೆಬ್ಬಿಸಿ ಉಜ್ಜುತ್ತಿದ್ದ ಬಿಳಿಯ ಪುಡಿಯೇ ಅದು, ಅಮೋನಿಯದ ಲವಣ. ಕಲಾಯಿಯವನ ಪುಡಿ ಕಲಬೆರಕೆಯದಾಗಿರಬಹುದಾದ್ದರಿಂದ ಪ್ರಯೋಗಶಾಲೆಗಳಿಗೆ ಮಾರುವ ಶುದ್ಧವಾದುದನ್ನು ತರಿಸಿದೆವು. ನಮ್ಮ 90 ಲೀಟರಿಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಹಾಕಿದರೆ ಲೀಟರಿಗೆ 2 ಮಿಲಿಗ್ರಾಮು ಅಮೋನಿಯವಾಗುತ್ತದೆ. ಹೆಪ್ಪಿನ ಸ್ಥಾನದಲ್ಲಿ, ಸುಸ್ಥಿತಿಯಲ್ಲಿರುವ ಹಳೆಯ ಕಡಲತೊಟ್ಟಿಯ ಒಂದು ಹಿಡಿ ಮರಳು ಸಿಕ್ಕಿದರೆ ಅತ್ಯುತ್ತಮ. ನಮಗೆ ದೊರೆಯಲಿಲ್ಲವಾಗಿ ಸೀಸೆಯಲ್ಲಿ ಮಾರುವ ಜೀವಿಗಳ ದ್ರವವನ್ನು ಹೊಯ್ದೆವು. ಅಂಗಡಿಯ ಸೆಕೆಯಲ್ಲಿ ತಿಂಗಳುಗಟ್ಟಲೆ ಕುಳಿತ ಸೀಸೆಯಲ್ಲಿ ಜೀವಂತವಾದದ್ದು ಏನಿರುತ್ತದೆಂದು ಹೇಳಬರುವುದಿಲ್ಲ.

ಅಂದಿನಿಂದ ಕಾಯುವಿಕೆ. ಪರೀಕ್ಷೆಯ ದ್ರವವನ್ನು ಎರಡು ದಿನಕ್ಕೊಮ್ಮೆ ತೊಟ್ಟು ತೊಟ್ಟಾಗಿ ಸೀಸೆಗೆ ಬಿಟ್ಟು ಬಣ್ಣ ನೋಡುವುದು. ಹಳದಿಯಾಗಿ ಉಳಿದರೆ ಅಮೋನಿಯವಿಲ್ಲ, ಹಸುರಾದರೆ ಇದೆ. ಹತ್ತು ದಿವಸ ಹಸುರು ಹಸುರಾಗಿಯೇ ಉಳಿಯಿತು. ಬಂದ ಅತಿಥಿಗಳೆಲ್ಲ ಬರಿಯ ಕಲ್ಲಿಗೆ ದೀಪ ಹಚ್ಚಿಟ್ಟಿರುವುದೇಕೆಂದು ಕೇಳಿದರು. ಹನ್ನೆರಡನೆಯ ದಿವಸ ಬಣ್ಣ ತುಸು ತಿಳಿಯಾಯಿತು, ನೈಟ್ರೈಟಿನ ಸೀಸೆಯು ನೇರಳೆಯ ಕಡೆಗೆ ತಿರುಗಿತು. ಹದಿನೇಳನೆಯ ದಿವಸ ಅಮೋನಿಯವು ಶೂನ್ಯ! ಆ ದಿನವೇ ಮೀನು ತರಬೇಕೆಂಬ ಆಸೆಯು ನಮ್ಮನ್ನು ಅಂಗಡಿಯ ಬಾಗಿಲವರೆಗೂ ಕರೆದೊಯ್ದಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ನೈಟ್ರೈಟಿನ ನೇರಳೆ ಬಣ್ಣ ಕಣ್ಣ ಮುಂದೆ ಬಂದು ಹಿಂದಿರುಗಿದೆವು. ಕಡಲಿನ ನೀರಿನಲ್ಲಿರುವ ಕ್ಲೋರೈಡು ನೈಟ್ರೈಟಿನ ಉಪದ್ರವವನ್ನು ಬಹುಮಟ್ಟಿಗೆ ತಡೆಯುತ್ತದೆಯೆಂಬುದು ನಿಜವೇ. ಆದರೂ ಎರಡನೆಯ ವರ್ಗದ ಜೀವಿಗಳು ಇನ್ನೂ ನೆಲೆಗೊಂಡಿಲ್ಲವೆಂಬುದಕ್ಕೆ ಅದು ಗುರುತು. ಮತ್ತೊಮ್ಮೆ ನವಸಾಗರ ಹಾಕಿ ಕುಳಿತೆವು.

ನಾಲ್ಕನೆಯ ವಾರದಲ್ಲಿ ಒಂದು ಸಂಜೆ ಗುಡುಗುಮಳೆ ಬಂದು ಎಂಟು ಗಂಟೆಗೆ ವಿದ್ಯುತ್ತು ಹೋಯಿತು. ಪಂಪು ನಿಂತರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ನಮ್ಮ ಸೂಕ್ಷ್ಮಜೀವಿಗಳಿಗೂ ಅದು ಬೇಕೇ ಬೇಕು. ಬ್ಯಾಟರಿಯ ಗಾಳಿಪಂಪನ್ನು ಇರಿಸಿಕೊಳ್ಳುವಷ್ಟು ಬುದ್ಧಿ ಆಗ ಇನ್ನೂ ಬಂದಿರಲಿಲ್ಲ. ಒಂಬತ್ತೂವರೆಯಾದರೂ ದೀಪ ಬಾರದಿರಲು ನಾವು ಹೊಸದೊಂದು ಪ್ಲಾಸ್ಟಿಕ್ ಚೊಂಬನ್ನು ತೆಗೆದುಕೊಂಡು ನೀರನ್ನು ಎತ್ತಿ ಎತ್ತಿ ಮೇಲಿನಿಂದ ಹೊಯ್ಯತೊಡಗಿದೆವು. ಅರುವತ್ತರ ತೋಳಿಗೆ ಅದು ಬಹುಕಾಲ ಸಾಧ್ಯವಾಗುವ ಕೆಲಸವಲ್ಲ. ನಿದ್ದೆ ಬಾರದೆ ಎದ್ದು ಬಂದ ಮೊಮ್ಮಗಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದಳು. ‘ಮೀನೇ ಇಲ್ಲವಲ್ಲ ಅಜ್ಜಾ, ಯಾರಿಗೆ ಹೊಯ್ಯುವುದು?’ ಎಂದಳು. ಕಣ್ಣಿಗೆ ಕಾಣದವರು ಇದ್ದಾರೆ, ಅವರಿಲ್ಲದೆ ಹೋದದ್ದರಿಂದಲೇ ಕೇಸರಿಯೂ ಕಿತ್ತಳೆಯೂ ಸತ್ತದ್ದು, ನೀರು ಚೊಕ್ಕವಿದ್ದರೂ ಅದರಲ್ಲಿ ವಿಷವಿತ್ತು, ಅದು ನನಗೆ ತಿಳಿದಿರಲಿಲ್ಲ ಎಂದು ಹೇಳಿದೆವು. ಅವಳು ಏನೂ ಹೇಳದೆ ನಮ್ಮ ಕೈಯಿಂದ ಚೊಂಬನ್ನು ತೆಗೆದುಕೊಂಡಳು.

ಇಬ್ಬರೂ ಸರದಿಯ ಮೇಲೆ ಹೊಯ್ಯುತ್ತಿರುವಾಗ ನಾವು ಅವಳಿಗೆ ಆನಾ ಥಿನ್ ಎಂಬಾಕೆಯ ಕಥೆಯನ್ನು ಹೇಳಿದೆವು. 1846ರಲ್ಲಿ ಈ ಆಂಗ್ಲಮಹಿಳೆಯು ಇಂಗ್ಲೆಂಡಿನ ದಕ್ಷಿಣತೀರದ ಟಾರ್ಕೀ ಎಂಬಲ್ಲಿಂದ ಜೀವಂತವಾದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಾಕಿದಳು. ಆಗ ಪಂಪೂ ಇಲ್ಲ, ವಿದ್ಯುತ್ತೂ ಇಲ್ಲ. ಮನೆಯ ಕೆಲಸದ ಹುಡುಗಿಯು ತೆರೆದ ಕಿಟಕಿಯ ಮುಂದೆ ನಿಂತು ಸಮುದ್ರದ ನೀರನ್ನು ಅರ್ಧಮುಕ್ಕಾಲು ಗಂಟೆ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಹೊಯ್ದು ಗಾಳಿ ತುಂಬಿಸುತ್ತಿದ್ದಳಂತೆ. ಮುಂದಿನ ವರ್ಷ ನೀರಿಗೆ ಕಡಲಕಳೆಗಳನ್ನು ಸೇರಿಸಿದ ಮೇಲೆ ಆ ಶ್ರಮ ಹಗುರವಾಯಿತು. ಮತ್ಸ್ಯಾಗಾರದ ಇತಿಹಾಸದಲ್ಲಿ ಯಜಮಾನತಿಯ ಹೆಸರಿದೆ. ಹೊಯ್ದವಳ ಹೆಸರನ್ನು ನಾವು ಎಲ್ಲಿಯೂ ಕಾಣಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ದೀಪ ಬಂದಿತು. ಮರುದಿನ ಹುಡುಗಿಯು ತೊಟ್ಟಿಯ ಕಡೆಗೆ ಮುಖ ಮಾಡಿ ಊಟಕ್ಕೆ ಕುಳಿತಳು. ಪರೀಕ್ಷೆಯ ಸೀಸೆಗಳೂ ಅವಳ ವಶವಾದವು.

ಅವಳೇ ಬರೆದಿಟ್ಟ ಪುಸ್ತಕದ ಪ್ರಕಾರ, ಮೂವತ್ತೆಂಟನೆಯ ದಿವಸ ಸಂಜೆ ಐದನೆಯ ಸಲದ ನವಸಾಗರವನ್ನು ಹಾಕಿದೆವು. ಮೂವತ್ತೊಂಬತ್ತನೆಯ ದಿವಸ ಸಂಜೆ ಅಮೋನಿಯವೂ ನೈಟ್ರೈಟೂ ಎರಡೂ ಶೂನ್ಯ. ಪೂರ್ಣಪ್ರಮಾಣದ ಅಮೋನಿಯವನ್ನು ಒಂದು ದಿವಸದಲ್ಲಿ ಜೀರ್ಣಿಸಿಕೊಳ್ಳಬಲ್ಲ ನೀರು ಹದಕ್ಕೆ ಬಂದ ನೀರು. ನೈಟ್ರೇಟು ಲೀಟರಿಗೆ 40 ಮಿಲಿಗ್ರಾಮಿನ ಸಮೀಪವಿತ್ತು. ಅರ್ಧ ನೀರನ್ನು ಬದಲಾಯಿಸಿದಾಗ ಅದೂ ಅರ್ಧಕ್ಕೆ ಇಳಿಯಿತು. ನೈಟ್ರೈಟು ಇರುವಾಗ ನೈಟ್ರೇಟಿನ ಪರೀಕ್ಷೆಯು ಇಲ್ಲದ್ದನ್ನೂ ಸೇರಿಸಿ ತೋರಿಸುವುದರಿಂದ ಅದಕ್ಕೆ ಮುಂಚೆ ಆ ಪರೀಕ್ಷೆಗೆ ಹಣ ವ್ಯಯಿಸುವುದು ವ್ಯರ್ಥ.

ಇದಾದ ಮೇಲೆ ತೊಟ್ಟಿಯು ಚೆಂದವಾಗುವುದರ ಬದಲು ವಿಕಾರವಾಯಿತು. ಮರಳಿನ ಮೇಲೂ ಕಲ್ಲಿನ ಮೇಲೂ ಕಂದು ಬಣ್ಣದ ಧೂಳಿನಂಥ ಪಾಚಿ ಕಟ್ಟಿತು. ಹೊಸ ತೊಟ್ಟಿಗಳಲ್ಲಿ ಇದು ಸಹಜ. ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಆದರೆ ದೀಪಾವಳಿ ಹತ್ತಿರ ಬಂದಿತ್ತು. ಮನೆಯೆಲ್ಲ ತೊಳೆಯುವಾಗ ಇದೊಂದು ಕೊಳಕು ಹಾಗೆಯೇ ಇರಬೇಕೆ ಎಂದು ನಮ್ಮ ಸೊಸೆಯು ಆ ಕಲ್ಲುಗಳನ್ನು ಹಿತ್ತಲಿನ ನಲ್ಲಿಯ ಕೆಳಗೆ ಉಜ್ಜಲು ಬಕೆಟ್ಟನ್ನೂ ಬ್ರಷ್ಷನ್ನೂ ತಂದಿಟ್ಟಿದ್ದಳು. ಕ್ಲೋರೀನಿನ ಸಿಹಿನೀರಿನಲ್ಲಿ ಉಜ್ಜಿದ್ದರೆ ಎಂಟು ವಾರಗಳ ಕೃಷಿಯು ಎಂಟು ನಿಮಿಷಗಳಲ್ಲಿ ನಾಶವಾಗುತ್ತಿತ್ತು. ಮೊಮ್ಮಗಳು ತೊಟ್ಟಿಗೆ ಅಡ್ಡವಾಗಿ ನಿಂತು ತನ್ನ ತಾಯಿಗೆ ಅಮೋನಿಯದ ಪಾಠ ಹೇಳಿದ್ದನ್ನು ಕೇಳಿ ನಾವು ಒಳಗಿನಿಂದ ಹೊರಕ್ಕೆ ಬರಲೇ ಇಲ್ಲ.

ಇನ್ನು ಹವಳದ ಮಾತು. ‘ಹವಳದ ತೊಟ್ಟಿ ಅನ್ನುತ್ತೀರಿ, ಹವಳ ಎಲ್ಲುಂಟು?’ ಎಂದು ಅವಳು ಕೇಳದೆ ಬಿಡಲಿಲ್ಲ. ಸಂಸ್ಕೃತದಲ್ಲಿ ಹವಳಕ್ಕೆ ವಿದ್ರುಮವೆಂದು ಹೆಸರು, ದ್ರುಮವೆಂದರೆ ಮರ. ಯೂರೋಪಿನಲ್ಲಿಯೂ ಅದನ್ನು ಬಹುಕಾಲ ಸಸ್ಯವೆಂದೇ ಎಣಿಸಿದ್ದರು. ಹದಿನೆಂಟನೆಯ ಶತಮಾನದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಅದು ಪ್ರಾಣಿಯೆಂದಾಗ ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಉಂಗುರಕ್ಕೆ ಕಟ್ಟುವ ಕೆಂಪು ಹವಳ ಒಂದು ಜಾತಿ. ದಿಬ್ಬಗಳನ್ನು ಕಟ್ಟುವ ಕಲ್ಲುಹವಳಗಳೇ ಬೇರೆ. ಈ ಕಲ್ಲುಹವಳಗಳು ತಮ್ಮೊಳಗೆ ವಾಸಿಸುವ ಸೂಕ್ಷ್ಮಶೈವಲಗಳಿಂದ ಆಹಾರವನ್ನೂ, ನೀರಿನಿಂದ ಸುಣ್ಣವನ್ನೂ ಪಡೆದು ಮನೆ ಕಟ್ಟಿಕೊಳ್ಳುತ್ತವೆ. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡುವ ಎಲೆಯಡಿಕೆಯ ಸುಣ್ಣವೂ ಮೂಲತಃ ಇದೇ ದ್ರವ್ಯ. ಹವಳ ಸಾಕುವ ಹೊರದೇಶದವರು ಸುಣ್ಣದ ತಿಳಿನೀರನ್ನೇ ತೊಟ್ಟು ತೊಟ್ಟಾಗಿ ತೊಟ್ಟಿಗೆ ಬಿಡುವುದುಂಟು.

ಆದರೆ ನಮ್ಮ ದೇಶದಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳು, ಕಪ್ಪುಹವಳ, ಬೆಂಕಿಹವಳ, ಕೊಳವೆಹವಳ, ಕಡಲಬೀಸಣಿಗೆ ಇವೆಲ್ಲವೂ ಸೇರಿದವು. ಹುಲಿಗೂ ಆನೆಗೂ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಸತ್ತ ಹವಳದ ತುಂಡನ್ನು ದಡದಿಂದ ಆರಿಸಿ ತರುವುದೂ ಸಲ್ಲದು. ಹವಳದ ದಿಬ್ಬದಿಂದ ಕಿತ್ತ ಶಿಲೆಯೂ ಹಾಗೆಯೇ. ‘ಎಲ್ಲರೂ ಇಟ್ಟಿದ್ದಾರೆ ಸ್ವಾಮಿ’ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಹೇಳಲಿ. ನಮ್ಮ ತೊಟ್ಟಿಯಲ್ಲಿ ಹವಳವಿಲ್ಲ, ಕೃತಕಶಿಲೆಯೇ ಹವಳದ ದಿಬ್ಬದ ಪಾತ್ರವನ್ನು ವಹಿಸುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಕಡಲಿನಡಿಯಲ್ಲಿ ನಿಜವಾದ ಹವಳಗಳಿವೆ. ದೊಡ್ಡವಳಾದ ಮೇಲೆ ಮುಳುಗುಹಾಕಲು ಕಲಿತು ಅಲ್ಲಿಯೇ ನೋಡತಕ್ಕದ್ದೆಂದು ಮೊಮ್ಮಗಳಿಗೆ ಹೇಳಿದ್ದೇವೆ. ಅವಳು ಈಗ ಈಜು ಕಲಿಯಲು ಹೋಗುತ್ತಿದ್ದಾಳೆ. ಖರ್ಚು ನಮ್ಮದೇ.

ಮೀನುಗಳ ವಿಷಯದಲ್ಲಿಯೂ ಇದೇ ವಿಚಾರಣೆ ಅವಶ್ಯ. ಫಿಲಿಪ್ಪೀನ್ಸ್, ಇಂಡೋನೇಷ್ಯ ಮೊದಲಾದ ಕಡೆಗಳಲ್ಲಿ ಸಯನೈಡು ವಿಷವನ್ನು ಹವಳಗಳ ಸಂದಿಗೆ ಚಿಮ್ಮಿಸಿ, ಮೂರ್ಛೆ ಹೋದ ಮೀನುಗಳನ್ನು ಹಿಡಿದು ಮಾರಿದ ಉದಾಹರಣೆಗಳು ಬೇಕಾದಷ್ಟಿವೆ. ಕೋಡಂಗಿಮೀನನ್ನಾದರೋ ತೊಟ್ಟಿಯಲ್ಲಿಯೇ ಮರಿಮಾಡಿಸಬಹುದು; ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಆ ವಿಧಾನವನ್ನು ಸಿದ್ಧಪಡಿಸಿದೆ. ಆದಕಾರಣ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಕೊಳ್ಳಬೇಕು. ಅದಕ್ಕೆ ಸಮುದ್ರಪುಷ್ಪವೆಂಬ ಅನಿಮೋನು ಜೊತೆಗಿರಲೇಬೇಕೆಂಬ ನಿರ್ಬಂಧವೂ ಇಲ್ಲ.

ಬಲಿಪಾಡ್ಯಮಿ ಕಳೆದು ಹತ್ತು ದಿನಕ್ಕೆ ಎರಡು ಮರಿಗಳನ್ನು ತಂದೆವು. ತಂದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣವನ್ನು ಸಮಮಾಡಿ, ಸ್ವಲ್ಪ ಸ್ವಲ್ಪವಾಗಿ ನಮ್ಮ ನೀರನ್ನು ಬೆರೆಸಿ ಬಿಟ್ಟೆವು. ಮೊದಲ ಹದಿನೈದು ದಿನ ದಿನವೂ ಪರೀಕ್ಷೆ; ಆಹಾರ ದಿನಕ್ಕೆ ಎರಡು ಚಿಟಿಕೆ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು. ಸೀಸೆಯ ಬಣ್ಣ ಒಂದು ದಿನವೂ ಹಸುರಾಗಲಿಲ್ಲ. ಈಗ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸುವುದನ್ನು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ನೊರೆ ತೆಗೆಯುವಂತೆ ನೀರಿನ ಕಲ್ಮಷವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಎಂಬ ಯಂತ್ರವೊಂದುಂಟು. ಎರಡು ಮೀನಿನ ಸಂಸಾರಕ್ಕೆ ಅದು ದುಂದು.

ಈ ಸಲ ನಾಮಕರಣಕ್ಕೆ ಹುಡುಗಿಯು ಆತುರಪಡಲಿಲ್ಲ. ಆರು ತಿಂಗಳು ಕಳೆದ ಮೇಲೆ ದೊಡ್ಡದಕ್ಕೆ ಗೌರಿಯೆಂದು ಹೆಸರಿಟ್ಟಳು. ಕೋಡಂಗಿಮೀನುಗಳು ಹುಟ್ಟುವಾಗ ಎಲ್ಲವೂ ಗಂಡಾಗಿ ಬೆಳೆಯತಕ್ಕವು. ಜೊತೆಗಿರುವವುಗಳಲ್ಲಿ ಯಾವುದು ದೊಡ್ಡದಾಗಿ ಅಧಿಕಾರ ನಡೆಸುವುದೋ ಅದು ಹೆಣ್ಣಾಗುತ್ತದೆ. ಅದು ಸತ್ತರೆ ಎರಡನೆಯದು ಹೆಣ್ಣಾಗುತ್ತದೆ. ಇದನ್ನು ನಾವು ಹೇಳಿದಂದಿನಿಂದ ಚಿಕ್ಕದಕ್ಕೆ ಹೆಸರಿಡುವುದನ್ನು ಅವಳು ಮುಂದೂಡುತ್ತಲೇ ಇದ್ದಾಳೆ. ‘ಅದು ಮುಂದೆ ಏನಾಗುತ್ತದೋ ನೋಡುವ ಅಜ್ಜಾ’ ಎನ್ನುತ್ತಾಳೆ.